ದಿನಕ್ಕೆ ಆರುನೂರ ಹದಿನಾರು ಗಾಡಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಏಳು

ಎಂಟು ಟನ್ನಿನ ರೋಡ್ ರೋಲರ್ ಜೆಟ್ಟಿಯ ಇಳಿಜಾರಿನಲ್ಲಿ ತಾನಾಗಿಯೇ ಸಮುದ್ರದ ಕಡೆ ಹೊರಟಿತ್ತು. ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಇನ್ನೊಂದು ಕೈಯಲ್ಲಿ ಟೀ ಲೋಟ ಇತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ. ನೋಡಿದವರು ಯಾರೂ ಇಲ್ಲ, ಅದೊಂದೇ ಬೇಜಾರು. ಹಾಗಾಗಿ ದೋಣಿಯವನಿಗೆ, ಆಟೋದವನಿಗೆ, ಅಂಚೆಯವನಿಗೆ ನಾನೇ ಹೇಳಬೇಕಾಯಿತು. ಮೂವರೂ ತಲೆಯಾಡಿಸಿದರು. ಹೊಟ್ಟೆಕಿಚ್ಚು.

ಆಮೇಲೆ ರಸ್ತೆ ಮೇಸ್ತ್ರಿಯ ದಿನದ ಕೆಲಸ. ಆಳು ನಾಲ್ಕು, ಬುಟ್ಟಿ ಆರು, ಹೊಂಡ ಹತ್ತೊಂಬತ್ತು. ಈ ದ್ವೀಪದಲ್ಲಿ ಮರಳುಂಟು, ಕಲ್ಲಿಲ್ಲ. ಜಲ್ಲಿಯ ಒಂದೊಂದು ಚೂರೂ ಆಚೆ ದಡದಿಂದ ಸರಕು ಸಾಗಿಸುವ ಬಾರ್ಜಿನಲ್ಲಿ ಬರಬೇಕು. ಸಮುದ್ರ ಸುಮ್ಮನಿದ್ದರೆ ಬಾರ್ಜ್ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಬಾರದಿದ್ದಾಗ ಹಳೆಯ ಹೊಂಡದ ಕಲ್ಲು ಕಿತ್ತು ಹೊಸ ಹೊಂಡಕ್ಕೆ ಹಾಕುತ್ತೇವೆ. ಇದಕ್ಕೆ ರಿಜಿಸ್ಟರಿನಲ್ಲಿ ನಿರ್ವಹಣೆ ಎಂದು ಬರೆಯುವುದು. ಇಪ್ಪತ್ತೆಂಟು ವರ್ಷದಿಂದ ಬರೆಯುತ್ತಿದ್ದೇನೆ. ಏಳನೇ ಕ್ಲಾಸು ಓದಿದವನ ಕೈಯಲ್ಲಿ ಹನ್ನೊಂದು ಕಿಲೋಮೀಟರ್ ರಸ್ತೆ — ಇಂಜಿನಿಯರುಗಳು ಬರಲಿ ನೋಡೋಣ, ಹನ್ನೊಂದು ದಿನ ನಡೆಸಲಿ.

ಬರುತ್ತಿದ್ದಾಳಂತೆ ಒಬ್ಬಳು. ಬುಧವಾರದ ದೋಣಿಗೆ. ಅಕ್ಕನ ಮಗಳು. ನಮ್ಮ ಇಲಾಖೆಯಲ್ಲೇ ಯೋಜನೆ ವಿಭಾಗ. ನಾನೇ ಎತ್ತಿ ಆಡಿಸಿದ ಪುಟ್ಟಿ. ಈಗ ಮೇಡಂ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಪುಟ್ಟಿ ಸೂಟ್‌ಕೇಸಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ತಂದಳು. ಜೊತೆಗೆ ಕಪ್ಪು ರಬ್ಬರ್ ಟ್ಯೂಬು. ಮನೆಗೂ ಹೋಗದೆ ನೇರ ರಸ್ತೆಗೆ ಬಂದಳು.

"ಮಾವ, ಇದು ಗಾಡಿ ಎಣಿಸೋ ಮೆಷೀನು. ಟ್ಯೂಬ್ ಮೇಲೆ ಚಕ್ರ ಹತ್ತಿದ್ರೆ ಒಳಗೆ ಲೆಕ್ಕ ಬೀಳುತ್ತೆ."

"ನಾನಿರೋವಾಗ ಮೆಷೀನ್ ಯಾಕೆ? ಇಡೀ ದ್ವೀಪದಲ್ಲಿ ಇರೋದು ಒಂಬತ್ತು ಗಾಡಿ. ಬೆರಳು ಹತ್ತಿವೆ."

"ಅದಕ್ಕೇ ಮೆಷೀನು. ನೀನು ಎಣಿಸಿದ್ರೆ ಒಂಬತ್ತು ಹೋಗಿ ತೊಂಬತ್ತಾಗುತ್ತೆ."

ನಕ್ಕೆ. ಅವಳು ನಗಲಿಲ್ಲ. ಹತ್ತು ವರ್ಷದ ಯೋಜನೆ ಮಾಡುತ್ತಿದ್ದಾರಂತೆ. ದಿನಕ್ಕೆ ಐವತ್ತು ಗಾಡಿಗಿಂತ ಕಡಿಮೆ ಓಡಾಡಿದರೆ ಜೆಟ್ಟಿಯಿಂದ ಶಾಲೆಯವರೆಗಿನ ನಾಲ್ಕು ಕಿಲೋಮೀಟರಿಗೆ ಮಾತ್ರ ಜಲ್ಲಿ. ಉಳಿದ ಏಳು ಕಿಲೋಮೀಟರ್ ಪಟ್ಟಿಯಿಂದ ಹೊರಗೆ. ಅಂದರೆ ದ್ವೀಪದ ತುದಿಯ ಮೂವತ್ತೆರಡು ಮನೆಯವರು ಮರಳಿನಲ್ಲಿ ನಡೆದು ಬರಬೇಕು.

ತುದಿ ನನ್ನ ಹೆಂಡತಿಯ ತವರು. ಭಾವಮೈದನ ಎದುರು ಹೋದ ವರ್ಷವೇ ಮೀಸೆ ತಿರುವಿಬಿಟ್ಟಿದ್ದೇನೆ — ನಿನ್ನ ಹೊಸಿಲಿಗೆ ಟಾರು ತಂದು ನಿಲ್ಲಿಸದಿದ್ದರೆ ನನ್ನ ಹೆಸರು ಬದಲಾಯಿಸು ಎಂದು.

ಪೆಟ್ಟಿಗೆ ಇಟ್ಟದ್ದು ಅಕ್ಕನ ಮನೆಯ ಮುಂದೆ. ಅಲ್ಲಿ ದ್ವೀಪ ಸೊಂಟದ ಹಾಗೆ ಸಣ್ಣದಾಗುತ್ತದೆ. ಎರಡೂ ಕಡೆ ಏಳೇಳು ಮನೆ, ಮನೆಗಳ ಹಿಂದೆ ಸಮುದ್ರ. ಯಾವ ಗಾಡಿಯೂ ಬೇರೆ ದಾರಿಯಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಪುಟ್ಟಿ ಪೆಟ್ಟಿಗೆಗೆ ಬೀಗ ಹಾಕಿ ಸೀಲ್ ಒತ್ತಿದಳು. ಮುಚ್ಚಳದ ಮೇಲೆ ಬೆಂಕಿಪೊಟ್ಟಣದಷ್ಟು ಗಾಜಿನ ಕಿಟಕಿ, ಅದರಲ್ಲಿ ಸೊನ್ನೆ.

"ನಾಳೆಯಿಂದ ಏಳು ದಿನ. ಬುಧವಾರದ ದೋಣಿಗೆ ಹಾಗೇ ಹಾಕಿ ಕಳ್ಸು. ಮಾವ, ನೀನು ಏನೂ ಮಾಡ್ಬೇಡ."

"ನಾನೇನು ಮಾಡ್ತೀನಿ?"

"ಅದೇ ಭಯ," ಎಂದಳು. ತನ್ನ ಅಮ್ಮನ ಕೈಯ ಒಂದು ಲೋಟ ನೀರು ಕುಡಿದು ಅದೇ ದೋಣಿಗೆ ಹೋದಳು.

ಮಾರ್ಚ್ 6, ಗುರುವಾರ. ಸಂಜೆ ಆರು

ಕಿಟಕಿಯಲ್ಲಿ ಇಪ್ಪತ್ಮೂರು.

ಆಟೋ ಹತ್ತು ಸಲ, ಟ್ರ್ಯಾಕ್ಟರ್ ನಾಲ್ಕು, ಐಸಿನ ವ್ಯಾನು ಎರಡು, ಬೈಕುಗಳು ಏಳು. ಏಳರಲ್ಲಿ ಎರಡು ಸಲ ಅಂಚೆಯವನೇ. ಒಮ್ಮೆ ಹೋಗಿ, ಕನ್ನಡಕ ಮರೆತು ವಾಪಸು ಬಂದ. ಅವನ ಮರೆವಿಗೆ ದೊಡ್ಡ ನಮಸ್ಕಾರ.

ಇಪ್ಪತ್ಮೂರು. ಇಪ್ಪತ್ತೆಂಟು ವರ್ಷ ಬೆನ್ನು ಬಗ್ಗಿಸಿದ್ದು ಇಪ್ಪತ್ಮೂರು ಗಾಡಿಗೆ. ಎಂದೂ ಎಣಿಸಿರಲಿಲ್ಲ. ಎಣಿಸಬಾರದಿತ್ತು.

ಮಾರ್ಚ್ 8, ಶನಿವಾರ. ಸಂಜೆ

ನಿನ್ನೆ ಇವತ್ತು ಎರಡು ದಿನ ಆಟೋದವನನ್ನು ಹಿಡಿದಿದ್ದೆ. ಪೆಟ್ರೋಲು ನನ್ನದು.

"ಯಾರನ್ನ ಕೂರಿಸ್ಕೊಂಡು ಹೋಗ್ಲಿ?"

"ಯಾರನ್ನೂ ಬೇಡ."

"ಎಲ್ಲಿಗೆ?"

"ಆ ಕಂಬಕ್ಕೆ. ಮತ್ತೆ ಇಲ್ಲಿಗೆ. ಮತ್ತೆ ಆ ಕಂಬಕ್ಕೆ."

"ಅಣ್ಣಾ, ಬಿಸಿಲಲ್ಲಿ ಓಡಾಡೋವಾಗ ತಲೆಗೆ ಏನಾದ್ರೂ ಕಟ್ಕೋ."

ಓಡಿಸಿದ, ಪಾಪ. ಇವತ್ತು ಮೂರು ಗಂಟೆಗೆ ಕ್ಲಚ್ ವೈರ್ ಕಿತ್ತು ಬಂತು. ಕೈಮುಗಿದು ಹೋದ. ಎರಡು ದಿನಕ್ಕೆ ಕಷ್ಟಪಟ್ಟು ನೂರೈವತ್ತೂ ಆಗಿಲ್ಲ. ಏಳು ದಿನಕ್ಕೆ ಭಾಗಿಸಿದರೆ ಐವತ್ತು ಮುಟ್ಟುವುದು ಅನುಮಾನ.

ಜೆಟ್ಟಿಯ ಹತ್ತಿರ ರೋಲರ್ ನಿಂತಿದೆ. ಬಿಸಿಲು ಕಾಯಿಸುತ್ತಾ. ಅದಕ್ಕೂ ಚಕ್ರ ಉಂಟಲ್ಲ.

ಮಾರ್ಚ್ 9, ಭಾನುವಾರ. ಸಂಜೆ ಐದೂವರೆ

ಇಂಥ ತಲೆ ಇಲಾಖೆಯಲ್ಲಿ ಯಾರಿಗೂ ಇಲ್ಲ. ಇದ್ದಿದ್ದರೆ ಅವರು ದ್ವೀಪಕ್ಕೆ ಸೇತುವೆ ಕಟ್ಟಿರುತ್ತಿದ್ದರು.

ಇಲಾಖೆಯ ಡೀಸೆಲ್ ಮುಟ್ಟಿದರೆ ರಿಜಿಸ್ಟರ್ ಬಾಯಿಬಿಡುತ್ತದೆ. ಜೆಟ್ಟಿಯ ಡೀಸೆಲ್ ಅಂಗಡಿಯಿಂದ ಒಂದು ಡ್ರಮ್ ತಂದೆ. ನನ್ನ ದುಡ್ಡು. ಸ್ವಲ್ಪವೇ. ಟ್ಯೂಬಿನ ಮೇಲೆ ಗೋಣಿಚೀಲ ಹಾಸಿದೆ, ಹರಿಯದಿರಲಿ ಎಂದು. ರೋಲರ್ ಡ್ರೈವರ್ ಬಂದ. ಅವನಿಗೆ ನಾವೆಲ್ಲ ಮೌನಿ ಎನ್ನುತ್ತೇವೆ. ದಿನಕ್ಕೆ ನಾಲ್ಕು ಮಾತು ಆಡಿದರೆ ಐದನೆಯದಕ್ಕೆ ಗಂಟಲು ನೋಯುತ್ತದೆ.

"ಇಲ್ಲಿಂದ ಅಲ್ಲಿಗೆ. ಅಲ್ಲಿಂದ ಇಲ್ಲಿಗೆ. ಯಾರು ಕೇಳಿದ್ರೂ ನಿನಗೆ ಏನೂ ಗೊತ್ತಿಲ್ಲ. ಆಣೆ?"

"ಆಣೆ," ಎಂದ. ಹತ್ತಿ ಕೂತ.

ಮುಂದೆ ಹತ್ತು ಹೆಜ್ಜೆ, ಹಿಂದೆ ಹತ್ತು ಹೆಜ್ಜೆ. ಕಿಟಕಿಯಲ್ಲಿ ಅಂಕಿ ಕುಣಿಯುತ್ತದೆ. ಅಕ್ಕ ಹೊಲಿಗೆ ಮೆಷೀನು ನಿಲ್ಲಿಸಿ ಹೊರಗೆ ಬಂದಳು.

"ಏನೋ ಇದು? ಶೆಲ್ಫಲ್ಲಿ ಲೋಟ ಎಲ್ಲ ಕುಣೀತಿದಾವೆ."

"ರಸ್ತೆ ಗಟ್ಟಿ ಮಾಡ್ತಿದೀನಿ ಅಕ್ಕ. ಹೊಸ ಪದ್ಧತಿ."

"ನಿನ್ನ ಪದ್ಧತಿಗೆ ಬೆಂಕಿ ಹಾಕ. ದಾರ ಪೋಣಿಸೋಕೆ ಆಗ್ತಿಲ್ಲ."

ಐವತ್ತು ಸಾಕಿತ್ತು. ನಿಜ. ಆದರೆ ಐವತ್ತು ಎಂದರೆ ಭಿಕ್ಷೆ ಬೇಡಿದ ಹಾಗೆ. ಎಣಿಸಿ ಎಣಿಸಿ ಮೆಷೀನಿಗೆ ಸುಸ್ತಾಗಬೇಕು. ಸಾವಿರ ದಾಟಿದ ಮೇಲೆ ನೋಡುವುದು ಬಿಟ್ಟು ಅಕ್ಕನ ಜಗಲಿಯಲ್ಲಿ ಮಲಗಿದೆ. ಎದ್ದಾಗಲೂ ಮೌನಿ ಓಡಿಸುತ್ತಲೇ ಇದ್ದ. ನಿಲ್ಲಿಸು ಎಂದು ನಾನು ಹೇಳಿರಲಿಲ್ಲ.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ನಾಲ್ಕು ದಿನ ಓಡಿದ ರೋಲರ್ ಬೆಳಿಗ್ಗೆ ನಿಂತಿತು, ಪೆಟ್ಟಿಗೆ ದೋಣಿ ಹತ್ತಿತು. ಎರಡನೇ ಡ್ರಮ್ಮಿನ ತಳದಲ್ಲಿ ಒಂದು ಚೊಂಬು ಡೀಸೆಲ್ ಉಳಿದಿದೆ. ಮೌನಿಯ ಕೈಗೂ ಏನೋ ಇಟ್ಟೆ. ಅಂಗಡಿಯವನ ರಸೀದಿ ಎರಡೂ ಈ ಡೈರಿಯ ರಟ್ಟಿನೊಳಗೆ. ಇಲ್ಲಿ ಯಾರು ನೋಡುತ್ತಾರೆ?

ಭಾವಮೈದನಿಗೆ ಹೇಳಿ ಕಳಿಸಿದೆ — ಹೊಸಿಲು ಗುಡಿಸಿಟ್ಟುಕೋ.

ಮಾರ್ಚ್ 30, ಭಾನುವಾರ

ನಿನ್ನೆ ಬಾರ್ಜ್ ಬಂತು. ಜಲ್ಲಿ ಬಂತು. ನಮ್ಮ ಸೋರುವ ಮಾಡಿಗೆ ಹೊದಿಸುವ ತಗಡಿನ ಶೀಟು ಬರಲಿಲ್ಲ.

ಹೆಂಡತಿ ಬೆಳಿಗ್ಗೆಯಿಂದ ಜೆಟ್ಟಿಯಲ್ಲಿ ನಿಂತಿದ್ದಳು. ಶೀಟು ಹೊರುವುದಕ್ಕೆ ತಲೆಗೆ ಸಿಂಬಿ ಸುತ್ತಿಕೊಂಡು ಬಂದಿದ್ದಳು. ಕೊನೆಯ ಬುಟ್ಟಿ ಇಳಿಯುವವರೆಗೂ ನೋಡಿ, ಸಿಂಬಿ ಬಿಚ್ಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದುಡ್ಡು ಕಟ್ಟಿದ್ಯಲ್ಲ?"

"ಕಟ್ಟಿದ್ದೆ. ಮುನ್ನೂರು ಕಡಿಮೆ ಬಿತ್ತು. ಇಸ್ಪೀಟಲ್ಲಿ ಸೋತೆ. ಪೂರ್ತಿ ಕಟ್ಟದೆ ಶೀಟಿನ ಅಂಗಡಿಯವನು ಕಳ್ಸಲ್ಲ ಅಂದ. ಮುಂದಿನ ಬಾರ್ಜಿಗೆ ಬರುತ್ತೆ."

"ಮುನ್ನೂರಾ?"

"ಮುನ್ನೂರೇ."

ಬೈಯಲಿಲ್ಲ. ಇಸ್ಪೀಟಿನವನು ಎಂದು ಒಂದು ವಾರ ಕರೆಯುತ್ತಾಳೆ, ಅಷ್ಟೇ. ಕರೆಯಲಿ. ಇಸ್ಪೀಟಿನಲ್ಲಿ ಸೋತವನಿಗೆ ಊರಲ್ಲಿ ಒಂದು ಗತ್ತಿದೆ.

ಏಪ್ರಿಲ್ 16, ಬುಧವಾರ. ಹನ್ನೊಂದು ಗಂಟೆ

ಪುಟ್ಟಿ ಬಂದಳು. ಕಣ್ಣು ಊದಿದೆ. ಕೈಯಲ್ಲಿ ಉದ್ದದ ನೀಲಿ ಕೊಳವೆ. ರಸ್ತೆ ಆಫೀಸಿನ ಬಾಗಿಲು ಹಾಕಿ ಚಿಲಕ ಇಟ್ಟಳು. ಕೊಳವೆಯೊಳಗಿನ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿದಳು. ಹನ್ನೊಂದು ಕಿಲೋಮೀಟರ್ ಪೂರ್ತಿ ಇದೆ. ತುದಿಯವರೆಗೂ ಕಪ್ಪು ಗೆರೆ.

"ನೋಡಿದ್ಯಾ ಮಾವನ ಕೈಗುಣ?" ಎಂದೆ.

"ದಿನಕ್ಕೆ ಆರುನೂರ ಹದಿನಾರು," ಎಂದಳು.

"ಏನು?"

"ಗಾಡಿ. ಏಳು ದಿನಕ್ಕೆ ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ಹೆಚ್ಚಿನವು ಭಾರಿ ಗಾಡಿ, ಮಾವ. ಎಂಟು ಟನ್ನಿನ ಲಾರಿ. ಇಷ್ಟು ಲಾರಿ ಇಲ್ಲಿ ಎಲ್ಲಿಂದ ಬಂತು?"

ಟ್ಯೂಬು ಎಣಿಸುತ್ತದೆ ಎಂದು ಗೊತ್ತಿತ್ತು. ತೂಗುತ್ತದೆ ಎಂದು ಯಾರಿಗೆ ಗೊತ್ತು?

ಅವಳು ಗೆರೆಯ ಮಧ್ಯೆ ಬೆರಳಿಟ್ಟಳು. ಸೊಂಟದ ಜಾಗ. ಕಪ್ಪು ಗೆರೆಯ ಎರಡೂ ಕಡೆ ಕೆಂಪು ಗೆರೆ. ಕೆಂಪಿನೊಳಗೆ ಸಣ್ಣ ಸಣ್ಣ ಚೌಕ, ಹದಿನಾಲ್ಕು. ಒಂದೊಂದಕ್ಕೂ ನಂಬರು.

ದಿನಕ್ಕೆ ಐನೂರು ಭಾರಿ ಗಾಡಿ ದಾಟಿದರೆ ಅದು ಹಳ್ಳಿ ರಸ್ತೆಯಲ್ಲವಂತೆ. ಹನ್ನೆರಡು ಮೀಟರ್ ಅಗಲ. ಮಧ್ಯದಿಂದ ಆ ಕಡೆ ಆರು, ಈ ಕಡೆ ಆರು. ಅದರೊಳಗೆ ಸಿಕ್ಕ ಗೋಡೆಯೆಲ್ಲ ಕೆಡವಬೇಕು.

"ಒಂಬತ್ತನೇ ನಂಬರು ಯಾರ ಮನೆ?" ಎಂದೆ. ಯಾಕೆ ಕೇಳಿದೆನೋ.

"ಅಮ್ಮನದು."



ಅದೇ ದಿನ. ಮೂರು ಗಂಟೆ



ಪುಟ್ಟಿಗೆ ಎಲ್ಲ ಹೇಳಿದೆ. ರೋಲರು, ಗೋಣಿಚೀಲ, ಮೌನಿ. ದುಡ್ಡಿನ ವಿಷಯ ಬಿಟ್ಟು. ಅವಳು ಬೈಯುತ್ತಾಳೆ ಎಂದು ಕಾದೆ. ನಕ್ಷೆ ಸುತ್ತಿ ಕೊಳವೆಗೆ ತುರುಕಿದಳು.

"ಆಫೀಸಲ್ಲಿ ನಾನು ಹೇಳ್ದೆ, ಈ ಲೆಕ್ಕ ಸುಳ್ಳು ಅಂತ. ಸಾಹೇಬ್ರು ಏನಂದ್ರು ಗೊತ್ತಾ? ಮೆಷೀನಿಗೆ ಅಮ್ಮ ಇಲ್ಲ, ನಿನಗಿದಾಳೆ, ಅಂದ್ರು."

"ನಾನು ಬಂದು ಹೇಳ್ತೀನಿ."

"ನೀನು ಹೇಳಿದ್ರೆ ನಂಬ್ತಾರಾ ಮಾವ?"

ಚುಚ್ಚುವುದಕ್ಕೆ ಕೇಳಿದ್ದಲ್ಲ. ತಿಳಿದುಕೊಳ್ಳುವುದಕ್ಕೆ ಕೇಳಿದಳು. ಅದು ಇನ್ನೂ ಕೆಟ್ಟದಾಗಿತ್ತು.

ಏಪ್ರಿಲ್ 17, ಗುರುವಾರ. ಸಂಜೆ

ಗುರುತು ಹಾಕುವ ಕೆಲಸ ರಸ್ತೆ ಮೇಸ್ತ್ರಿಯದು. ಅಂದರೆ ನನ್ನದು. ಡಬ್ಬ ಕೆಂಪು ಬಣ್ಣ, ಎರಡು ಇಂಚಿನ ಬ್ರಷ್ಷು. ಆಳಿಗೆ ಕೊಟ್ಟರೆ ಆಳು ಮುಖ ನೋಡುತ್ತಾನೆ. ನಾನೇ ಹಿಡಿದೆ.

ಎಂಟು ಮನೆ ಮುಗಿಸುವುದರೊಳಗೆ ಎಂಟು ಬಗೆಯ ಬೈಗುಳ. ಒಂಬತ್ತನೆಯದು ಅಕ್ಕನ ಮನೆ. ಬಾಗಿಲು ತೆರೆದಿತ್ತು. ಹೊಲಿಗೆ ಮೆಷೀನಿಗೆ ಬಟ್ಟೆ ಮುಚ್ಚಿದ್ದಳು. ಶಾಲೆ ಮಕ್ಕಳ ಅಂಗಿಗಳನ್ನು ಗಂಟು ಕಟ್ಟುತ್ತಿದ್ದಳು. ಮೂವತ್ತು ವರ್ಷದಿಂದ ಈ ದ್ವೀಪದ ಪ್ರತಿ ಮಗುವಿನ ಅಂಗಿ ಈ ಮುಂದಿನ ಕೋಣೆಯಲ್ಲೇ ಹೊಲಿದದ್ದು. ಭಾವ ಹೋದ ಮೇಲೆ ಪುಟ್ಟಿಯನ್ನು ಓದಿಸಿದ್ದೂ ಈ ಕೋಣೆಯೇ.

"ಲೋ, ನಿನ್ನ ಟೇಪು ಕೊಡು. ನನ್ನ ಟೇಪು ಬಟ್ಟೆ ಅಳೆಯೋದು, ಗೋಡೆಗೆ ಸಾಲಲ್ಲ."

ಕೊಟ್ಟೆ. ಒಂದು ತುದಿ ನನ್ನ ಕೈಯಲ್ಲಿ ಹಿಡಿಸಿ ತಾನೇ ಅಳೆದಳು. ಕೆಂಪು ಗೆರೆ ಮನೆಯೊಳಗೆ ಬರುವುದು ಒಂಬತ್ತು ಅಡಿ ಎರಡು ಅಂಗುಲ. ಕೋಣೆ ಇರುವುದು ಒಂಬತ್ತು ಅಡಿ.

"ಆ ಎರಡಂಗುಲ ಯಾತಕ್ಕೆ?"

"ಅಡುಗೆಮನೆ ಗೋಡೆ, ಅಕ್ಕ."

"ಓ." ಟೇಪು ಸುತ್ತಿದಳು. "ಹಿಂದಕ್ಕೆ ಕಟ್ಕೊಳ್ಳೋಣ ಅಂದ್ರೆ ಹನ್ನೊಂದು ಹೆಜ್ಜೆಗೆ ಸಮುದ್ರ. ಮೆಷೀನ್ ಎಲ್ಲಿಡೋದು ಅಂತ ನೋಡ್ತಿದೀನಿ. ನಿಮ್ಮನೇಲಿ ಜಾಗ ಇದ್ಯಾ? ಸೋರುತ್ತಲ್ಲ ಅದು."

ಎಂಟು ಮನೆಯವರು ಬೈದಾಗ ತಡೆದುಕೊಂಡಿದ್ದೆ. ಇವಳು ಜಾಗ ಕೇಳಿದಳು.

ನಾನು ಮಾಡಿದ್ದು ಎಂದು ಪುಟ್ಟಿ ಹೇಳಿರಲಿಲ್ಲ. ನಾನೇ ಹೇಳಿದೆ. ನಿಂತ ಜಾಗದಲ್ಲೇ, ಬ್ರಷ್ಷು ಹಿಡಿದುಕೊಂಡೇ. ಅಕ್ಕ ಕೇಳಿಸಿಕೊಂಡಳು. ಅಂಗಿಗಳ ಗಂಟನ್ನು ಬಿಗಿದಳು.

"ರೈಲು ಬಿಡ್ಬೇಡ ಹೋಗೋ," ಎಂದಳು. "ನನ್ನ ಸಮಾಧಾನಕ್ಕೆ ನಿನ್ನ ಮೇಲೆ ಹಾಕ್ಕೋಬೇಡ. ನಾಲ್ಕು ಸಾವಿರ ಸಲ ರೋಲರ್ ಓಡಿಸೋಕೆ ನೀನೇನು ಹುಚ್ಚನಾ?"

ನಂಬಲಿಲ್ಲ. ನಾಲ್ಕು ದಿನ ಅವಳ ಎದುರೇ ರೋಲರ್ ಓಡಿದೆ. ಲೋಟ ಕುಣಿದದ್ದು ನೆನಪಿದೆ ಅವಳಿಗೆ. ಆದರೂ.

ಗೋಡೆಗೆ ಅಡ್ಡಗೆರೆ ಎಳೆದೆ. ಕೆಳಗೆ ಒಂಬತ್ತು ಎಂದು ಬರೆದೆ.

"ಹನಿ ಬಿದ್ದಿದೆ ನೋಡು. ಒರೆಸು," ಎಂದಳು.

ಏಪ್ರಿಲ್ 19

ಊಟ ಸೇರುತ್ತಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲ.

ಏಪ್ರಿಲ್ 21

ಬಾರ್ಜಿನಲ್ಲಿ ಬಂದ ಜಲ್ಲಿಯ ರಾಶಿ ಹಾಗೇ ಇದೆ. ಹೊಂಡ ಮುಚ್ಚುವುದಕ್ಕೂ ಕೈ ಏಳುತ್ತಿಲ್ಲ. ಆಳುಗಳು ನೆರಳಲ್ಲಿ ಕೂತಿದ್ದಾರೆ. ಕೇಳಿದರೆ, "ಅಗಲ ಆಗೋ ರಸ್ತೆಗೆ ಯಾಕೆ ತೇಪೆ?" ಎಂದರು. ಸರಿಯಾಗಿಯೇ ಇದೆ.

ಏಪ್ರಿಲ್ 23, ಬುಧವಾರ. ಎರಡು ಗಂಟೆ

ಸಾಹೇಬರು ಬಂದರು. ಸಣ್ಣ ಆಳು, ತೆಳ್ಳಗಿನ ದನಿ. ಶಾಲೆಯ ದೊಡ್ಡ ಕೋಣೆಯಲ್ಲಿ ಮೀಟಿಂಗು. ಎದುರು ಬೆಂಚಿನಲ್ಲಿ ಹದಿನಾಲ್ಕು ಮನೆಯವರು, ಹಿಂದಿನ ಬೆಂಚಿನಲ್ಲಿ ತುದಿಯವರು. ಪುಟ್ಟಿ ಸಾಹೇಬರ ಪಕ್ಕ, ತಲೆ ತಗ್ಗಿಸಿ.

ಎದ್ದು ನಿಂತೆ. ಇಷ್ಟು ವರ್ಷ ಎಷ್ಟೋ ಸಭೆಯಲ್ಲಿ ಎದ್ದು ನಿಂತಿದ್ದೇನೆ, ಕೂರಿಸುವುದಕ್ಕೆ ಇಬ್ಬರು ಬೇಕಾಗುತ್ತಿತ್ತು.

"ಸಾರ್, ಆ ಲೆಕ್ಕ ಸುಳ್ಳು. ನಾನೇ ರೋಲರನ್ನ ಟ್ಯೂಬ್ ಮೇಲೆ ಓಡಾಡಿಸಿದ್ದು. ನಾಲ್ಕು ದಿನ."

ಸಾಹೇಬರು ಕಾಗದದಿಂದ ಕಣ್ಣೆತ್ತಿದರು.

"ರೋಲರನ್ನ ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿದವರು ನೀವೇ ಅಲ್ವಾ? ದೋಣಿಯವನು ದಾರೀಲಿ ಹೇಳ್ತಿದ್ದ."

ಇಡೀ ಕೋಣೆ ನಕ್ಕಿತು. ಹದಿನಾಲ್ಕು ಮನೆಯವರೂ ನಕ್ಕರು. ಮನೆ ಹೋಗುತ್ತಿರುವವರು ನಕ್ಕರು. ಅಕ್ಕ ಒಬ್ಬಳು ನಗಲಿಲ್ಲ. ನಾನು ಹೇಳಿದ್ದು ನಿಜ ಎಂದು ಆಗ ಅವಳಿಗೆ ಗೊತ್ತಾಯಿತು, ಕಾಣುತ್ತದೆ. ನನ್ನ ಮುಖ ನೋಡಿದವಳು ನೋಡುತ್ತಲೇ ಇದ್ದಳು.

"ಅದು ಸುಳ್ಳು ಸಾರ್. ಇದು ನಿಜ."

"ಡ್ರೈವರ್ ಯಾರು?"

ಮೌನಿ ಎದ್ದ. ಕೈಕಟ್ಟಿ ನಿಂತ. ಕೇಳಿದರೆ, "ನಂಗೇನೂ ಗೊತ್ತಿಲ್ಲ," ಎಂದ.

"ಹೇಳೋ ಮಾರಾಯ," ಎಂದೆ.

ನನ್ನನ್ನೇ ನೋಡಿದ. ಆಣೆ ಹಾಕಿಸಿದ್ದು ನೀನು, ಈಗ ಮುರಿ ಎನ್ನುವವನೂ ನೀನೇ, ಯಾವುದನ್ನು ಕೇಳಲಿ ಎಂಬ ಹಾಗೆ. "ಗೊತ್ತಿಲ್ಲ," ಎಂದು ಕೂತ. ಇಡೀ ದ್ವೀಪದಲ್ಲಿ ಮಾತು ಉಳಿಸಿಕೊಳ್ಳುವವನು ಅವನೊಬ್ಬನೇ ಇರಬೇಕು, ಅವನೇ ನನಗೆ ಸಿಕ್ಕ.

ಹಿಂದಿನ ಬೆಂಚಿನಿಂದ ಭಾವಮೈದ ಎದ್ದ.

"ಗಾಡಿ ಓಡಾಡ್ತವೆ ಸಾರ್. ಬೇಕಾದಷ್ಟು. ಇವ್ರು ಅಕ್ಕನ ಮನೆ ಉಳಿಸೋಕೆ ಏನೇನೋ ಹೇಳ್ತಾರೆ. ನಮ್ಮ ರಸ್ತೆ ನಿಲ್ಲಿಸ್ಬೇಡಿ."

ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವನ ತಪ್ಪೇನು? ಹೊಸಿಲು ಗುಡಿಸಿಟ್ಟುಕೋ ಎಂದವನು ನಾನು.

ಅದೇ ದಿನ. ಐದು ಗಂಟೆ

ಮೀಟಿಂಗ್ ಮುಗಿದ ಮೇಲೆ ಸಾಹೇಬರ ಹಿಂದೆಯೇ ಹೋದೆ. ಶಾಲೆಯ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದರು. ಕಾಲಿಗೆ ಹತ್ತಿದ ಮರಳು ಹೋಗುತ್ತಿರಲಿಲ್ಲ.

"ಎಲ್ಲಾ ಊರಲ್ಲೂ ಹೀಗೇ," ಎಂದರು. "ಮನೆ ಹೋಗುತ್ತೆ ಅಂದ್ರೆ ಎಣಿಕೆ ಸುಳ್ಳು ಅಂತಾರೆ. ನೂರು ಜನ ಹೇಳಿದಾರೆ. ಕಾಗದ ತೋರಿಸಿದವರು ಒಬ್ರೂ ಇಲ್ಲ."

"ರಸೀದಿ ಇದೆ ಸಾರ್. ಡೀಸೆಲ್ದು."

ಕಾಲು ತೊಳೆಯುವುದು ನಿಂತಿತು.

"ಇಲಾಖೆ ಡೀಸೆಲ್ ಅಲ್ವಾ?"

"ನನ್ನ ದುಡ್ಡು."

"ನಿಮ್ಮ ದುಡ್ಡಲ್ಲಿ ಸರ್ಕಾರದ ರೋಲರ್ ಓಡಿಸಿದ್ರಾ." ನನ್ನನ್ನು ನೋಡಿದರು. ಯಾವುದೋ ಹೊಸ ಜಾತಿಯ ಪ್ರಾಣಿ ನೋಡುವ ಹಾಗೆ. "ಮೇಸ್ತ್ರಿ ಸಂಬಳದಲ್ಲಿ? ಕದ್ದ ಡೀಸೆಲ್ಲಿಗೆ ಆಮೇಲೆ ರಸೀದಿ ಮಾಡಿಸಿದ್ದಲ್ಲ ಅಂತ ನಾನು ಹೇಗೆ ನಂಬ್ಲಿ?"

ಸುಳ್ಳು ಹೇಳಲು ಈ ಬಾಯಿಗೆ ಎಂದೂ ಮಾತಿನ ಬರ ಬಿದ್ದಿರಲಿಲ್ಲ. ನಿಜಕ್ಕೆ ಬಿತ್ತು.

"ಬರ್ಕೊಡಿ," ಎಂದರು. "ದಿನಾಂಕ, ಲೀಟರು, ಯಾರ ಹತ್ರ ತಗೊಂಡ್ರಿ, ಒಟ್ಟು ಎಷ್ಟು. ದುಡ್ಡು ಎಲ್ಲಿಂದ ಬಂತು. ಮನೆಯವ್ರ ಸಹಿ ಬೇಕು, ಇಷ್ಟು ದುಡ್ಡು ಮನೆಯಿಂದ ಹೋಗಿದೆ ಅಂತ. ನಾಳೆ ಏಳಕ್ಕೆ ನನ್ನ ದೋಣಿ. ಕಾಗದ ಸರಿ ಇದ್ರೆ ಕೆಂಪು ಗೆರೆ ನಿಲ್ಲಿಸ್ತೀನಿ, ನನ್ನ ಆಳೇ ಬಂದು ಮತ್ತೆ ಎಣಿಸ್ತಾನೆ. ಅದು ಎಷ್ಟು ಬರುತ್ತೋ ಅಷ್ಟು."

ಎಷ್ಟು ಬರುತ್ತದೆ ಎಂದು ನನಗೆ ಗೊತ್ತು. ಇಪ್ಪತ್ಮೂರು.

"ಪೆಟ್ಟಿಗೆ ಜೊತೆ ಆಟ ಆಡಿದ್ದಕ್ಕೆ ನಿಮ್ಮ ಮೇಲೆ ಕ್ರಮ ಆಗುತ್ತೆ. ಗೊತ್ತಲ್ಲ?"

"ಗೊತ್ತು ಸಾರ್."

ಗೊತ್ತಿರಲಿಲ್ಲ. ಎರಡೇ ವರ್ಷ ಉಳಿದಿತ್ತು ನಿವೃತ್ತಿಗೆ.

ಅದೇ ದಿನ. ಏಳೂವರೆ

ಹೆಂಡತಿಗೆ ಸಾಹೇಬರ ಕಾಗದ, ಸಹಿ ಎಲ್ಲ ಹೇಳಿದೆ. ಇಸ್ಪೀಟಲ್ಲ, ಡೀಸೆಲ್ಲು ಎಂದೆ. ಅವಳು ಚಿಮಣಿ ದೀಪದ ಗಾಜು ಒರೆಸುತ್ತಿದ್ದಳು. ಒರೆಸುತ್ತಲೇ ಕೇಳಿದಳು.

"ಮುನ್ನೂರಕ್ಕೆ ಎಷ್ಟು ಡೀಸೆಲ್ ಬರುತ್ತೆ?"

"ಮುನ್ನೂರಲ್ಲ. ಒಂದು ಹತ್ತು ಸಾವಿರ ಇರಬಹುದು."

ಮತ್ತೆ ಸುಳ್ಳು. ಬಾಯಿ ತಾನಾಗಿಯೇ ಆಡಿತು. ಅಭ್ಯಾಸ. ಹತ್ತು ಸಾವಿರ ಎಂದಾಗಲೇ ಗಾಜು ಒರೆಸುವ ಅವಳ ಕೈ ನಿಂತಿತ್ತು.

"ಸಹಿ ಹಾಕಿದ್ರೆ ಅತ್ತಿಗೆ ಮನೆ ಉಳಿಯುತ್ತಾ?"

"ಉಳಿಯುತ್ತೆ."

"ನನ್ನ ತಮ್ಮನ ಮನೆಗೆ ರಸ್ತೆ?"

"ಬರಲ್ಲ."

ಗಾಜನ್ನು ದೀಪಕ್ಕೆ ಕೂರಿಸಿದಳು. "ತವರಿಗೆ ಮೂವತ್ತು ವರ್ಷದಿಂದ ನಡ್ಕೊಂಡೇ ಹೋಗಿದೀನಿ," ಎಂದಳು. "ಟಾರು ಕೇಳಿದ್ದು ಯಾರು? ನೀನೇ ಹೇಳಿದ್ದು, ನೀನೇ ತಂದಿದ್ದು, ನೀನೇ ಕಳ್ಕೊಂಡಿದ್ದು."

ಏನಾದರೂ ಎಸೆದಿದ್ದರೆ ತಪ್ಪಿಸಿಕೊಳ್ಳುವುದು ನನಗೆ ಬರುತ್ತದೆ. ಏನೂ ಎಸೆಯಲಿಲ್ಲ.

"ಬರೆದಿಡು. ಬೆಳಿಗ್ಗೆ ಓದಿ ಸಹಿ ಹಾಕ್ತೀನಿ. ಓದದೆ ಹಾಕಲ್ಲ."

ಏಪ್ರಿಲ್ 24, ಗುರುವಾರ. ಬೆಳಿಗ್ಗೆ ಐದೂ ಮುಕ್ಕಾಲು

ಸಾಹೇಬರ ಕಾಗದ ಮೇಜಿನ ಮೇಲಿದೆ. ದಿನಾಂಕ ಬರೆದೆ. ಮೌನಿಯ ಕೆಲಸದ ಗಂಟೆ ಬರೆದೆ. ಅಂಗಡಿಯವನ ರಸೀದಿ ಎರಡೂ ಪಿನ್ನು ಹಾಕಿದೆ. ಒಟ್ಟು ಎನ್ನುವ ಜಾಗ ಮಾತ್ರ ಖಾಲಿ. ಆ ಅಂಕಿಯನ್ನು ಈವರೆಗೆ ಎಲ್ಲೂ ಬರೆದಿಲ್ಲ. ಇಲ್ಲಿಯೂ ಬರೆದಿಲ್ಲ. ಸ್ವಲ್ಪ ಎಂದು ಬರೆದೆ, ಏನೋ ಎಂದು ಬರೆದೆ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಹೇಳಿದ್ದೇನೆ. ಇದೇನು ಮನುಷ್ಯ ನಾನು.

ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಅಲ್ಲಿಗೆ.

ಡೀಸೆಲ್, ಎರಡು ಡ್ರಮ್, ನಾನೂರು ಲೀಟರ್, ಲೀಟರಿಗೆ ನೂರನಾಲ್ಕು — ನಲವತ್ತೊಂದು ಸಾವಿರದ ಆರುನೂರು. ಆಟೋದ ಪೆಟ್ರೋಲು, ಕ್ಲಚ್ ವೈರು ಸೇರಿ — ಸಾವಿರದ ನೂರೈವತ್ತು. ಮೌನಿಗೆ ಎರಡು ಸಾವಿರ.

ಹಿಂದೆ ಬಂದು ನಿಂತಿದ್ದಾಳೆ. ಹೆಜ್ಜೆ ಕೇಳಲಿಲ್ಲ. ಮುಚ್ಚಿಡೋಣ ಎಂದರೆ ಕೈ ಬರುತ್ತಿಲ್ಲ. ಭುಜದ ಮೇಲಿಂದ ಓದುತ್ತಿದ್ದಾಳೆ, ಒಂದೊಂದೇ ಅಕ್ಷರ, ತುಟಿ ಆಡಿಸಿಕೊಂಡು. ಓದಲಿ.

ಶೀಟಿಗೆ ಅಂತ ಒಂದು ಪೈಸೆಯೂ ಕಟ್ಟಿರಲಿಲ್ಲ. ಅವಳು ಅದಕ್ಕೆಂದು ಏಳು ವರ್ಷ ಕೂಡಿಟ್ಟ ದುಡ್ಡು. ಹೋದದ್ದು ಒಟ್ಟು ನಲವತ್ತನಾಲ್ಕು ಸಾವಿರದ ಏಳುನೂರ ಐವತ್ತು. ಅವಳು ಪೆನ್ನು ಕೊಡು ಎಂದು ಕೈ ಚಾಚಿ —